ಕರೆ ಕಳಿಸುವವರು ನಾವಲ್ಲ

ಯಾತ್ರಾ ಸಂಸ್ಥೆಯೊಂದಕ್ಕೆ ಉಮ್ರಾ, ಅಂದರೆ ಹಜ್‌ನಂತೆ ದಿನ ಗೊತ್ತಿಲ್ಲದೆ ವರ್ಷದಲ್ಲಿ ಯಾವಾಗ ಬೇಕಾದರೂ ಕೈಗೊಳ್ಳಬಹುದಾದ ಮೆಕ್ಕಾ ಯಾತ್ರೆಯ ಕರಪತ್ರ ಬರೆದುಕೊಡಲು ಒಪ್ಪಿಕೊಂಡಾಗ ನನ್ನ ಬಳಿ ಇದ್ದದ್ದು ಪ್ರವಾಸ ಜಾಹೀರಾತಿನ ಸವಕಲು ಪದಗಳು: ರಮಣೀಯ, ಅವಿಸ್ಮರಣೀಯ, ಐಷಾರಾಮಿ. ಕರಡನ್ನು ಹಜ್ ಮುಗಿಸಿ ಬಂದಿದ್ದ ಹಿರಿಯರೊಬ್ಬರಿಗೆ ತೋರಿಸಿದೆ. ‘ಪ್ರವಾಸಿಗರು’ ಎಂಬಲ್ಲಿ ಪೆನ್ಸಿಲ್‌ನಿಂದ ಗೀಟೆಳೆದು, “ಇಹ್ರಾಮ್ ಉಟ್ಟವನು ಊರು ನೋಡಲು ಹೊರಟಿದ್ದಾನೆಯೇ ತಮ್ಮಾ?” ಎಂದರು. ಇಹ್ರಾಮ್ ಎಂದರೆ ಯಾತ್ರಿಕ ಗಂಡಸರು ಉಡುವ ಹೊಲಿಗೆಯಿಲ್ಲದ ಬಿಳಿ ಬಟ್ಟೆ.

ಆಮೇಲೆ ಪದಗಳ ಬೆನ್ನುಹತ್ತಿದೆ. ಸೌದಿ ಅರೇಬಿಯಾ ಯಾತ್ರಿಕರನ್ನು ‘ರಹ್ಮಾನನ ಅತಿಥಿಗಳು’, ಅಂದರೆ ಕರುಣಾಮಯಿ ದೇವರ ಅತಿಥಿಗಳು ಎನ್ನುತ್ತದೆ. 1986ರಲ್ಲಿ ದೊರೆ ಫಹದ್ ‘ಎರಡು ಪವಿತ್ರ ಮಸೀದಿಗಳ ಸೇವಕ’ ಎಂಬ ಬಿರುದನ್ನೇ ಧರಿಸಿದರು. ಯಾತ್ರೆ ಕಾದಿರಿಸುವ ಸರ್ಕಾರಿ ಆ್ಯಪ್‌ನ ಹೆಸರು ‘ನುಸುಕ್’, ಅಂದರೆ ಆರಾಧನೆಯ ವಿಧಿ. 2030ಕ್ಕೆ ವರ್ಷಕ್ಕೆ 3 ಕೋಟಿ ಉಮ್ರಾ ಯಾತ್ರಿಕರನ್ನು ಬರಮಾಡಿಕೊಳ್ಳುವ ಗುರಿ ಇಟ್ಟುಕೊಂಡ ವ್ಯವಹಾರವಿದು. ಮಾತು ಮಾತ್ರ ಆತಿಥ್ಯದ್ದು. ಜಾಣತನವೆಂದೇ ಒಪ್ಪಿಕೊಂಡು ನಾನೂ ಅದೇ ದಾರಿ ಹಿಡಿದೆ.

ಯಾತ್ರಿಕರು ದಾರಿಯುದ್ದಕ್ಕೂ ಹೇಳುವ ‘ಲಬ್ಬೈಕ್’ ಎಂಬುದಕ್ಕೆ ‘ಓಗೊಟ್ಟು ಬಂದಿದ್ದೇನೆ’ ಎಂದು ಬರೆದೆ. ಮುಖಪುಟದಲ್ಲಿ ಅದನ್ನು ಅರಬಿಯಲ್ಲೂ ಹಾಕಿದೆವು. ವಿನ್ಯಾಸದ ತಂತ್ರಾಂಶಕ್ಕೆ ಅಂಟಿಸಿದಾಗ ಕೂಡಿಕೊಂಡಿರಬೇಕಾದ ಅಕ್ಷರಗಳು ಬಿಡಿಬಿಡಿಯಾಗಿ, ಎಡದಿಂದ ಬಲಕ್ಕೆ ಸಾಲುಗಟ್ಟಿದ್ದವು. ನಮ್ಮ ಕಣ್ಣಿಗೆ ಅದೂ ಚಿತ್ತಾರವೇ! ಹಿರಿಯರು ನೋಡದಿದ್ದರೆ ಹಾಗೆಯೇ ಅಚ್ಚಾಗುತ್ತಿತ್ತು. ಮೆಕ್ಕಾದ ಪವಿತ್ರ ಕಟ್ಟಡ ಕಾಬಾದ ಚಿತ್ರವನ್ನೂ ಅವರೇ ತೆಗೆಸಿದರು. ಹಂಚಿದ ಹಾಳೆ ಕಾಲಡಿಗೆ ಬೀಳುವುದು ಖಚಿತ.

ದೊಡ್ಡ ಜಗಳವಾದದ್ದು ಶೀರ್ಷಿಕೆಗೆ. ‘ನಿಮಗೆ ಕರೆ ಬಂದಿದೆ! ಬೇಗ ಕಾದಿರಿಸಿ, ರಿಯಾಯಿತಿ ಪಡೆಯಿರಿ’ ಎಂಬುದು ಯಾತ್ರಾ ಸಂಸ್ಥೆಯ ಮಾಲೀಕರ ಆಸೆ. ‘ಬುಲಾವಾ’, ಅಂದರೆ ದೇವರ ಕರೆ ಬಂದವರಷ್ಟೇ ಅಲ್ಲಿಗೆ ತಲುಪುತ್ತಾರೆ ಎಂದು ಉರ್ದು ಬಲ್ಲವರ ಮನೆಗಳಲ್ಲಿ ಹೇಳುವ ಮಾತಿದೆ. ಹಣ ಕೂಡದೆ ವರ್ಷಗಟ್ಟಲೆ ಕಾದವರು ಆ ಮಾತಿನಿಂದಲೇ ಸಮಾಧಾನ ತಂದುಕೊಳ್ಳುತ್ತಾರೆ. ಅದನ್ನು ರಿಯಾಯಿತಿಯ ಪಕ್ಕ ಕೂರಿಸಲು ನನ್ನ ಕೈ ಏಳಲಿಲ್ಲ.

ಬದಲಿಗೆ, ‘ಹರಮ್‌ಗೆ ಅತಿ ಸಮೀಪ’ ಎಂಬುದನ್ನೂ ಹೊಡೆದುಹಾಕಿ, ಹರಮ್‌ನಿಂದ, ಅಂದರೆ ಕಾಬಾ ಇರುವ ಮಸೀದಿಯಿಂದ, ಹೋಟೆಲ್ ಎಷ್ಟು ಮೀಟರ್ ದೂರ, ದಾರಿಯಲ್ಲಿ ಏರು ಇದೆಯೇ ಎಂದು ಬರೆದೆ. ಉಮ್ರಾದ ವಿಧಿಯಾದ, ಸಫಾ–ಮರ್ವಾ ಎಂಬ ಎರಡು ದಿಬ್ಬಗಳ ನಡುವಿನ 7 ಸಲದ ನಡಿಗೆಯೇ ಸುಮಾರು 3 ಕಿಲೋಮೀಟರ್ ಆಗುತ್ತದೆ, ಮಂಡಿನೋವಿರುವವರಿಗೆ ಗಾಲಿಕುರ್ಚಿ ಸಿಗುತ್ತದೆ ಎಂದೂ ಸೇರಿಸಿದೆ. ಮಾಲೀಕರು ಓದಿ, “ಇದರಲ್ಲಿ ಭಕ್ತಿಯೇ ಇಲ್ಲವಲ್ಲ” ಎಂದರು. ಹಿರಿಯರು ಎರಡು ಪ್ರತಿ ಕೇಳಿ ಪಡೆದು, ಒಂದನ್ನು ಮಡಚಿ ತಂಗಿಗೆಂದು ಜೇಬಿಗಿಟ್ಟುಕೊಂಡರು. ರಿಯಾಯಿತಿಯ ಸಾಲು ಹಿಂಬದಿಯಲ್ಲಿ ಉಳಿಯಿತು.