ಟೋಕಿಯೋದಲ್ಲಿ ಮನೆ ಪಕ್ಕದ ಸುಶಿ ಅಂಗಡಿಗೆ ಹೋಗೋದು ಹೆಂಗೆ (ಜೇಬಿಗೆ ಕತ್ತರಿ ಬೀಳ್ದಂಗೆ)

ನಾನಿರೋದು ಟೋಕಿಯೋದ ಪೂರ್ವಕ್ಕೆ, ನಿಶಿ-ಕಸಾಯ್ ಕಡೆ, ಇಲ್ಲಿ ನಮ್ಮೋರು ಎಷ್ಟಿದಾರೆ ಅಂದ್ರೆ ಸ್ಟೇಷನ್ನಿಂದ ಮನೆಗೆ ನಡ್ಕೊಂಡು ಬರೋಷ್ಟರಲ್ಲಿ ನಾಲ್ಕು ಭಾಷೆ ಕಿವಿಗೆ ಬೀಳತ್ತೆ, ತೊಗರಿಬೇಳೆ ಕರಿಬೇವು ಎಲ್ಲ ಸಿಗತ್ತೆ, ಹಂಗಾಗಿ ಜಪಾನಿಗೆ ಬಂದು ಒಂದೂವರೆ ವರ್ಷ ಆದ್ರೂ ನಮ್ಮ ಬೀದಿ ಮೂಲೆಲಿರೋ ಪುಟ್ಟ ಸುಶಿ ಅಂಗಡಿ ಒಳಗೆ ನಾನು ಕಾಲೇ ಇಟ್ಟಿರ್ಲಿಲ್ಲ. ಸುಶಿ ತಿನ್ನಬೇಕು ಅನ್ಸಿದ್ರೆ ಮಾಲ್ ಒಳಗಿನ ಚೈನ್ ಅಂಗಡಿಗೆ ಹೋಗಿ ಟ್ಯಾಬ್ಲೆಟ್ ಒತ್ತಿ ತಿಂದು ಬರ್ತಿದ್ದೆ. ಮೂಲೆ ಅಂಗಡಿಗೆ ಕಿಟಕಿ ಇಲ್ಲ, ಮರದ ಜಾರೋ ಬಾಗಿಲು, ಮುಂದೆ ನೀಲಿ ಪರದೆ, ಒಳಗೆ ಯಾರಿದಾರೆ ಎಷ್ಟು ರೇಟು ಏನೂ ಗೊತ್ತಾಗಲ್ಲ.

ಕೊನೆಗೆ ಒಂದು ದಿನ ಸಂಜೆ ಧೈರ್ಯ ಮಾಡಿ ಬೇರೆ ಏರಿಯಾದ ಇಂಥದ್ದೇ ಒಂದು ಅಂಗಡಿಗೆ ನುಗ್ಗಿ, ಗಾಜಿನ ಪೆಟ್ಟಿಗೆಲಿ ಕಂಡ ಮೀನಿಗೆಲ್ಲ ಬೆರಳು ತೋರ್ಸಿ ತೋರ್ಸಿ ತಿಂದು ಎದ್ರೆ 7,800 ಯೆನ್ ಆಗಿತ್ತು. ತಪ್ಪು ಅವರದ್ದಲ್ಲ, ನಂದೇ, ಗೋಡೆ ಮೇಲೆ ಮೂರು ಮೀನಿನ ಹೆಸರ ಕೆಳಗೆ ರೇಟಿನ ಬದಲು 'ಜಿಕಾ' ಅಂತ ಬರ್ದಿತ್ತು, ಅಂದ್ರೆ ಇವತ್ತಿನ ಮಾರ್ಕೆಟ್ ರೇಟು ಅಂತ, ನನಗೆ ಓದಕ್ಕೆ ಬರ್ತಿರ್ಲಿಲ್ಲ ಅಷ್ಟೇ. ಆಮೇಲೆ ಆಫೀಸಲ್ಲಿ ಒಬ್ರು ಹಿರಿಯರು ಹೇಳಿದ ಮಾತೇ ಈ ಇಡೀ ಬರಹದ ತಿರುಳು: ಮೊದಲ ಸಲ ಹೋಗೋರು ಮಧ್ಯಾಹ್ನ ಹೋಗ್ಬೇಕು, ಸೆಟ್ಟೇ (ಒಂದೇ ರೇಟಿಗೆ ಜೋಡ್ಸಿ ಕೊಡೋ ಪ್ಲೇಟು) ಹೇಳ್ಬೇಕು. ಈಗ ತಿಂಗಳಿಗೆ ಎರಡು ಸಲನಾದ್ರೂ ಮೂಲೆ ಅಂಗಡಿಗೆ ಹೋಗ್ತೀನಿ, ಸಾವಿರ ಸಾವಿರದೈನೂರು ಯೆನ್ನಲ್ಲಿ ಹೊಟ್ಟೆ ತುಂಬ್ಸ್ಕೊಂಡು ಬರ್ತೀನಿ.

ಮೊದಲು ಅಂಗಡಿ ಆರ್ಸೋದು. ಬಾಗಿಲ ಮುಂದೆ ಲಂಚ್ ಬೋರ್ಡಲ್ಲಿ ರೇಟು ಬರ್ದಿದ್ರೆ, ಇಲ್ಲಾ ಗಾಜಿನ ಕಪಾಟಲ್ಲಿ ಧೂಳು ಹಿಡಿದ ಪ್ಲಾಸ್ಟಿಕ್ ಸುಶಿ ಮಾಡೆಲ್ ಇಟ್ಟು ಅದರ ಪಕ್ಕ ನಂಬರ್ ಇಟ್ಟಿದ್ರೆ ಕಣ್ಮುಚ್ಚಿ ಹೋಗಿ. ಪಕ್ಕದಲ್ಲಿ ಡೆಲಿವರಿ ಸ್ಕೂಟರ್ ನಿಂತಿದ್ರೆ ಇನ್ನೂ ಒಳ್ಳೇದು, ಯಾಕಂದ್ರೆ ಈ ಅಂಗಡಿಗಳಲ್ಲಿ ತುಂಬ ಕಡೆ ಒಳ್ಳೇ ವ್ಯಾಪಾರ ನಡೆಯೋದೇ ಏರಿಯಾ ಮನೆಗಳಿಗೆ ಕಳ್ಸೋದ್ರಿಂದ, ಮನೆಗೆ ನೆಂಟರು ಬಂದ್ರೆ ಫೋನ್ ಮಾಡ್ತಾರೆ, ದೊಡ್ಡ ದುಂಡನೆ ಕಪ್ಪು ತಟ್ಟೆಲಿ ಸುಶಿ ಬರತ್ತೆ, ತಿಂದು ತೊಳೆದು ಬಾಗಿಲಾಚೆ ಇಟ್ರೆ ಮಾರನೇ ದಿನ ಅಂಗಡಿಯೋರೇ ಬಂದು ಎತ್ಕೊಂಡು ಹೋಗ್ತಾರೆ. ಅಂದ್ರೆ ಇದು ಅಕ್ಕಪಕ್ಕದ ಮನೆಯೋರನ್ನೇ ನಂಬ್ಕೊಂಡಿರೋ ಅಂಗಡಿ. ಹೊರಗೆ ಎಲ್ಲೂ ಒಂದೇ ಒಂದು ನಂಬರೂ ಬರ್ದಿಲ್ಲ, ಬಾಗಿಲು ಮಾತ್ರ ಫಳಫಳ ಅಂತಿದೆ ಅಂದ್ರೆ ನಮಸ್ಕಾರ ಹಾಕಿ ಮುಂದೆ ನಡೀರಿ.

ಪರದೆ ವಿಷ್ಯ ಹೇಳ್ಬೇಕು. ಅದಕ್ಕೆ ನೊರೆನ್ ಅಂತಾರೆ. ಹೊರಗೆ ನೇತಾಕಿದ್ರೆ ಅಂಗಡಿ ತೆಗ್ದಿದೆ, ಒಳಗೆ ಎಳ್ಕೊಂಡಿದ್ರೆ ಮುಚ್ಚಿದೆ ಅಂತ. ಎಷ್ಟೋ ಸುಶಿ ಅಂಗಡಿಗಳಿಗೆ ಬುಧವಾರ ಇಲ್ಲಾ ಭಾನುವಾರ ರಜ, ಯಾಕಂದ್ರೆ ತೊಯೊಸು ಮೀನು ಮಾರ್ಕೆಟ್ಟಿಗೆ ಭಾನುವಾರ ರಜ, ಜೊತೆಗೆ ಸುಮಾರು ಬುಧವಾರಗಳೂ ರಜ (2018ರ ಅಕ್ಟೋಬರ್ ತನಕ ಈ ಮಾರ್ಕೆಟ್ ತ್ಸುಕಿಜಿಲಿತ್ತು, ಈಗ ಅಲ್ಲಿ ಉಳ್ದಿರೋದು ಹೊರಗಿನ ಅಂಗಡಿಸಾಲು). ಲಂಚ್ ಸಾಮಾನ್ಯವಾಗಿ ಹನ್ನೊಂದೂವರೆಗೆ ಶುರು, ಎರಡು ಗಂಟೆಗೆಲ್ಲ ಮುಗಿಯತ್ತೆ. ಹನ್ನೆರಡರಿಂದ ಒಂದರ ತನಕ ಆಫೀಸ್ ಜನ ತುಂಬಿರ್ತಾರೆ, ಒಂದು ಗಂಟೆ ಮೇಲೆ ಹೋದ್ರೆ ಅಂಗಡಿಯೋರಿಗೂ ಉಸಿರಾಡಕ್ಕೆ ಟೈಮಿರತ್ತೆ, ನಿಮ್ಮ ಹರುಕು ಮುರುಕು ಜಪಾನೀಸ್ ಕೇಳಕ್ಕೆ ತಾಳ್ಮೆನೂ ಇರತ್ತೆ.

ಇನ್ನೊಂದು, ಸೆಂಟ್ ಹಾಕ್ಕೊಂಡು ಹೋಗ್ಬೇಡಿ. ಹತ್ತು ಸೀಟಿನ ಅಂಗಡಿ, ನಿಮ್ಮ ಘಮಘಮ ಪಕ್ಕದೋರ ಮೀನಿನ ಮೇಲೆ ಕೂರತ್ತೆ. ಮತ್ತೆ ಕ್ಯಾಶ್ ಇಟ್ಕೊಳ್ಳಿ, ಮೊಬೈಲಲ್ಲಿ ಕೊಡ್ತೀನಿ ಅಂದ್ಕೊಂಡು ಹೋಗ್ಬಿಟ್ರೆ ಕಷ್ಟ, ಇಂಥ ಅಂಗಡಿಗಳಲ್ಲಿ ಇನ್ನೂ ಎಷ್ಟೋ ಕಡೆ ನೋಟೇ ನಡೆಯೋದು.

ಒಳಗೆ ಹೋದ ತಕ್ಷಣ 'ಇರಾಶ್ಶಾಯ್' ಅಂತ ಜೋರಾಗಿ ಕೂಗ್ತಾರೆ, ಗಾಬರಿ ಬೀಳ್ಬೇಡಿ, ಬನ್ನಿ ಬನ್ನಿ ಅಂತ ಅಷ್ಟೇ, ವಾಪಸ್ ಏನೂ ಕೂಗ್ಬೇಕಾಗಿಲ್ಲ. ಒಬ್ರೇ ಹೋಗಿದ್ರೆ ಒಂದು ಬೆರಳು ಎತ್ತಿ 'ಹಿತೊರಿ ದೆಸ್' ಅನ್ನಿ, ಇಬ್ರಾದ್ರೆ 'ಫುತಾರಿ ದೆಸ್'. ಅವ್ರು ತೋರ್ಸೋ ತನಕ ಕೂರ್ಬೇಡಿ. ಕೌಂಟರ್ ಸಿಕ್ಕಿದ್ರೆ ಅದೃಷ್ಟ, ಟೇಬಲ್ ಕೇಳ್ಬೇಡಿ. ಎದುರಿಗೆ ಮೀನು ಕುಯ್ತಾ ನಿಂತಿರೋ ಯಜಮಾನ್ರನ್ನ ಜನ ತಾಯ್ಶೋ ಅಂತ ಕರೀತಾರೆ, ನಮ್ಮ ಅಂಗಡಿಯಲ್ಲಿ ಅವರ ಹೆಂಡತಿನೇ ಟೀ ಕೊಡೋದು, ಲೆಕ್ಕ ನೋಡ್ಕೊಳ್ಳೋದು. ಬಿಸಿ ಒದ್ದೆ ಟವಲ್ ಕೊಡ್ತಾರೆ, ಅದು ಕೈ ಒರ್ಸಕ್ಕೆ, ಮುಖ ಕತ್ತು ಒರ್ಸಕ್ಕಲ್ಲ (ಆಫೀಸಿನ ಅಂಕಲ್‌ಗಳು ಒರಸ್ತಾರೆ, ಅದು ಬೇರೆ ಮಾತು). ಆಮೇಲೆ ದಪ್ಪ ಲೋಟದಲ್ಲಿ ಕುದಿಯೋ ಗ್ರೀನ್ ಟೀ ಬರತ್ತೆ, ದುಡ್ಡಿಲ್ಲ, ಖಾಲಿ ಆದಂಗೆ ತುಂಬಸ್ತಾರೆ. ಚೈನ್ ಅಂಗಡಿಗಳಲ್ಲಾದ್ರೆ ಟೇಬಲ್ಲಿಗೇ ಒಂದು ನಲ್ಲಿ ಇರತ್ತೆ, ಅದು ಕೈ ತೊಳ್ಯೋ ನಲ್ಲಿ ಅಲ್ಲ ಮಾರಾಯ್ರೇ, ಟೀ ಪುಡಿಗೆ ಹಾಕ್ಕೊಳ್ಳೋ ಕುದಿನೀರು, ನಮ್ಮ ಭಾವ ಬಂದಾಗ ಊಟಕ್ಕೆ ಮುಂಚೆ ಕೈ ತೊಳ್ಯಕ್ಕೆ ಹೋಗಿ ಬೆರಳು ಸುಟ್ಕೊಂಡ್ರು.

ಈಗ ಆರ್ಡರ್. ಮೆನುಲಿ ಸೆಟ್ಟಿಗೆ ಸಾಮಾನ್ಯವಾಗಿ ಮೂರು ದರ್ಜೆ: ನಾಮಿ, ಜೋ, ತೊಕುಜೋ. ಅಂದ್ರೆ ಸಾದಾ, ಮೇಲಿನದು, ಅದಕ್ಕೂ ಮೇಲಿನದು. ಕೆಲವು ಕಡೆ ಸಾದಾ ಅನ್ನಕ್ಕೆ ನಾಚಿಕೆ ಆಗ್ಬಾರ್ದು ಅಂತ ಪ್ಲಮ್ಮು, ಬಿದಿರು, ಪೈನು ಅಂತ ಮರಗಿಡದ ಹೆಸರಿಟ್ಟಿರ್ತಾರೆ, ಉಮೆ ತಾಕೆ ಮಾತ್ಸು. ರೇಟು ಇರೋದ್ರಿಂದ ಯಾವುದು ಯಾವುದು ಅಂತ ಹೆಂಗೂ ಗೊತ್ತಾಗತ್ತೆ. ನೀವು ಹೇಳ್ಬೇಕಾದ್ದು ಇಷ್ಟೇ, 'ನಾಮಿ ಒನೆಗಾಯ್ಶಿಮಾಸ್', ನಾಮಿ ಕೊಡಿ ಅಂತ. ಅತಿ ಕಮ್ಮಿದು ಹೇಳಿದ್ರೆ ಮರ್ಯಾದೆ ಹೋಗತ್ತೆ ಅಂತ ಅಂದ್ಕೊಳ್ಳೋದು ನಮ್ಮೋರಿಗೇ, ಪಕ್ಕದಲ್ಲಿ ಕೂತಿರೋ ಬ್ಯಾಂಕ್ ಮ್ಯಾನೇಜರೂ ಅದನ್ನೇ ತಿಂತಿರ್ತಾನೆ. ಏಳೆಂಟು ನಿಗಿರಿ (ಅನ್ನದ ಪುಟ್ಟ ಉಂಡೆ ಮೇಲೆ ಮೀನಿನ ತುಂಡು), ಒಂದು ಸಣ್ಣ ರೋಲು, ಮಿಸೋ ಸೂಪು, ಲೆಕ್ಕ ಬೋರ್ಡಲ್ಲಿರೋದೇ.

ನಿಗಿರಿ, ರೋಲಿನ ತುಂಡು ಎಲ್ಲ ಸೇರಿ ಒಂದು ಪ್ಲೇಟಿಗೆ ಹತ್ತರ ಆಸುಪಾಸು ಅನ್ನೋ ಲೆಕ್ಕ ಎಲ್ಲಿಂದ ಬಂತು ಅನ್ನೋದಕ್ಕೆ ಒಂದು ಕಥೆ ಇದೆ. ಎರಡನೇ ಮಹಾಯುದ್ಧ ಆದ್ಮೇಲೆ ಇಲ್ಲಿ ಅಕ್ಕಿ ರೇಷನ್ನು, 1947ರಲ್ಲಿ ಹೋಟೆಲ್ಲುಗಳನ್ನೇ ಮುಚ್ಸೋ ಆರ್ಡರ್ ಬಂತು. ಟೋಕಿಯೋ ಸುಶಿಯೋರು ಒಂದು ಉಪಾಯ ಮಾಡಿದ್ರು, ನಾವು ಹೋಟೆಲ್ ಅಲ್ಲ, ನೀವು ನಿಮ್ಮ ರೇಷನ್ ಅಕ್ಕಿ ತನ್ನಿ, ನಾವು ಕೂಲಿ ತಗೊಂಡು ಅದನ್ನ ಸುಶಿ ಮಾಡಿ ಕೊಡ್ತೀವಿ ಅಂತ, ನಮ್ಮಲ್ಲಿ ಗಿರಣಿಗೆ ರಾಗಿ ಕೊಟ್ಟು ಹಿಟ್ಟು ಮಾಡ್ಸ್ಕೊಳ್ಳಲ್ವಾ ಹಂಗೆ. ಒಂದು ಗೋ ಅಕ್ಕಿಗೆ, ಅಂದ್ರೆ 180 ಮಿಲಿಲೀಟರ್ ಅಳತೆ, ನಮ್ಮ ಪಾವಿನ ಥರದ್ದು, ಅದಕ್ಕೆ ರೋಲು ಸೇರಿ ಹತ್ತು ಸುಶಿ. ಆ ಲೆಕ್ಕ ಹಂಗೇ ಉಳ್ಕೊಂಡ್ಬಿಡ್ತು.

ಅನ್ನಕ್ಕೆ ಸುಶಿ ಭಾಷೆಲಿ ಶಾರಿ ಅಂತಾರೆ. ಇದು ನಮ್ಮ 'ಶರೀರ'ದಿಂದಲೇ ಬಂದಿದ್ದು, ಬುದ್ಧನ ಅಸ್ಥಿಯ ಪುಟ್ಟ ಬಿಳಿ ಚೂರು ಅಕ್ಕಿ ಕಾಳಿನ ಥರ ಕಾಣತ್ತೆ ಅಂತ ಆ ಹೆಸರಂತೆ, ಸಂಸ್ಕೃತ ಚೀನಾ ಸುತ್ಕೊಂಡು ಬಂದು ಇಲ್ಲಿ ಅನ್ನದ ಮೇಲೆ ಕೂತಿದೆ. ಶುಂಠಿಗೆ ಗಾರಿ ಅಂತಾರೆ. ಆದ್ರೆ ಒಂದು ಬುದ್ಧಿಮಾತು, ಯೂಟ್ಯೂಬ್ ನೋಡಿ ಟೀಗೆ 'ಅಗಾರಿ', ಸೋಯಾ ಸಾಸಿಗೆ 'ಮುರಾಸಾಕಿ', ಬಿಲ್ಲಿಗೆ 'ಒಆಯ್ಸೊ' ಅಂತೆಲ್ಲ ಕಲ್ತು ಹೋಗ್ಬೇಡಿ, ಅವು ಅಂಗಡಿಯೋರು ತಮ್ಮತಮ್ಮಲ್ಲೇ ಆಡೋ ಮಾತು. ಒಚಾ, ಶೋಯು ಅಂದ್ರೆ ಸಾಕು.

ತಿನ್ನೋದು. ಕೈಲೇ ತಿನ್ಬಹುದು. ಇದು ದೊಡ್ಡ ವಿಷ್ಯ, ಯಾಕಂದ್ರೆ ಚಾಪ್‌ಸ್ಟಿಕ್ ಭಯಕ್ಕೇ ನಮ್ಮೋರು ಅರ್ಧ ಜನ ಒಳಗೆ ಹೋಗಲ್ಲ. 1820ರ ಆಸುಪಾಸಲ್ಲಿ, ಟೋಕಿಯೋಗೆ ಎದೊ ಅಂತ ಹೆಸರಿದ್ದಾಗ, ನಿಗಿರಿ ಸುಶಿ ಶುರುವಾಗಿದ್ದೇ ತಳ್ಳುಗಾಡಿ ತಿಂಡಿ ಥರ, ನಿಂತ್ಕೊಂಡು ಎರಡು ಮೂರು ಬಾಯಿಗೆ ಹಾಕ್ಕೊಂಡು ಪರದೆಗೆ ಕೈ ಒರ್ಸ್ಕೊಂಡು ಹೋಗ್ತಿದ್ರಂತೆ, ಪರದೆ ಎಷ್ಟು ಕೊಳಕೋ ಅಂಗಡಿ ಅಷ್ಟು ಚೆನ್ನಾಗಿದೆ ಅಂತ ಮಾತು. ಹೆಬ್ಬೆರಳು ಮತ್ತೆರಡು ಬೆರಳಲ್ಲಿ ಪಕ್ಕಕ್ಕೆ ಮಲಗ್ಸಿ ಎತ್ಕೊಳ್ಳಿ, ಮೀನಿನ ತುದಿ ಮಾತ್ರ ಸೋಯಾ ಸಾಸಿಗೆ ಮುಟ್ಸಿ, ಒಂದೇ ತುತ್ತಿಗೆ ಬಾಯಿಗೆ. ಅನ್ನನ ಸಾಸಲ್ಲಿ ಅದ್ದಬೇಡಿ, ಸಾರಿನಲ್ಲಿ ಇಡ್ಲಿ ಕರಗೋ ಥರ ಬಿಟ್ಕೊಂಡ್ಬಿಡತ್ತೆ, ಆಮೇಲೆ ಬಟ್ಟಲಲ್ಲಿ ಕಾಳು ಹೆಕ್ಕೋ ಕೆಲಸ. ವಸಾಬಿ, ಅಂದ್ರೆ ಮೂಗಿಗೆ ಹತ್ತೋ ಖಾರದ ಹಸಿರು ಪೇಸ್ಟು, ಸಾಮಾನ್ಯವಾಗಿ ಮೀನಿನ ಕೆಳಗೆ ಆಗ್ಲೇ ಹಚ್ಚಿರ್ತಾರೆ, ಇನ್ನೂ ಬೇಕು ಅನ್ಸಿದ್ರೆ ಮೊದಲು ಒಂದು ತಿಂದು ನೋಡಿ ನಿರ್ಧಾರ ಮಾಡಿ. ಬೇಡ್ವೇ ಬೇಡ ಅಂದ್ರೆ, ಇಲ್ಲಾ ಮಕ್ಕಳಿದ್ರೆ, ಆರ್ಡರ್ ಮಾಡೋವಾಗ್ಲೇ 'ಸಾಬಿ ನುಕಿ' ಅನ್ನಿ. ಕಂದು ಬಣ್ಣದ ಸಿಹಿ ಸಾಸು ಹಚ್ಚಿರೋದು ಬಂದ್ರೆ ಅದು ಸಾಮಾನ್ಯವಾಗಿ ಅನಾಗೊ, ಸಮುದ್ರದ ಹಾವುಮೀನು, ಅದಕ್ಕೆ ಮತ್ತೆ ಸೋಯಾ ಬೇಡ.

ಯಾವುದು ಮೊದಲು ಅಂತ ಕಾನೂನು ಇಲ್ಲ. ನಾನು ಬಿಳಿ ಮೀನಿಂದ ಶುರು ಮಾಡಿ, ಕೆಂಪು ಟ್ಯೂನಾ, ಆಮೇಲೆ ಅನಾಗೊ, ಕೊನೆಗೆ ಸಿಹಿ ಮೊಟ್ಟೆ ಹೀಗೆ ಹೋಗ್ತೀನಿ, ಮಧ್ಯ ಒಂದೊಂದು ಎಸಳು ಶುಂಠಿ, ಬಾಯಿ ತೊಳ್ದಂಗಾಗತ್ತೆ. ನಮ್ಮ ಕರಾವಳಿಯೋರಿಗೆ ಒಂದು ಟಿಪ್ಪು, ದುಬಾರಿ ಕೊಬ್ಬಿನ ಟ್ಯೂನಾ ಬಿಡಿ, ಹೊಳೆಯೋ ಚರ್ಮದ ಮೀನು ಕೇಳಿ. ಸಬಾ ನಮ್ಮ ಬಂಗುಡೆಯ ನೆಂಟ, ಇವಾಶಿ ಬೂತಾಯಿಯ ನೆಂಟ. ಸಬಾನ ಉಪ್ಪಲ್ಲಿಟ್ಟು ವಿನೆಗರಲ್ಲಿ ನೆನ್ಸಿ ಕೊಡ್ತಾರೆ, ಹೆಚ್ಚೂಕಮ್ಮಿ ಉಪ್ಪಿನಕಾಯಿ ಬುದ್ಧಿನೇ, ಬೆಲೆನೂ ಕಮ್ಮಿ, ತಾಯ್ಶೋ ಕೈ ಎಷ್ಟು ಪಳಗಿದೆ ಅಂತ ಗೊತ್ತಾಗೋದೂ ಅದರಲ್ಲೇ. ಮಂಗಳೂರಿನ ಸಹೋದ್ಯೋಗಿಯೊಬ್ಬ ಮೊದಲು ಹಸಿ ಮೀನಾ ಅಂತ ಮುಖ ಸಿಂಡರ್ಸಿದ್ದ, ಸಬಾ ತಿಂದ್ಮೇಲೆ ಸುಮ್ನೆ ಇನ್ನೆರಡು ಅಂತ ಬೆರಳೆತ್ತಿದ.

ಸೆಟ್ ಮುಗಿದ್ಮೇಲೆ ಇನ್ನೂ ಹಸಿವಿದ್ರೆ ಬಿಡಿಯಾಗಿ ಒಂದೆರಡು ಹೇಳ್ಬಹುದು, ಆಗ ಮಾತ್ರ ರೇಟು ಬರ್ದಿರೋದನ್ನೇ ಹೇಳಿ, ಜಿಕಾ ಮುಟ್ಬೇಡಿ. ಸಂಜೆ ಹೋಗೋದಾದ್ರೆ ಬಿಯರ್ ಹೇಳಿದ ಕೂಡ್ಲೆ ಕೇಳದೇ ಇರೋ ಒಂದು ಸಣ್ಣ ಬಟ್ಟಲು ಪಲ್ಯದಂಥದ್ದು ಬರ್ಬಹುದು, ಅದು ಫ್ರೀ ಅಲ್ಲ, ಬಿಲ್ಲಿಗೆ ಸೇರತ್ತೆ. ಸಂಜೆಗೆ ಇನ್ನೊಂದು ಉಪಾಯ, ಕೂತ ತಕ್ಷಣವೇ 'ಸಾನ್ಜೆನ್ ಎನ್ ಗುರಾಯ್ ದೆ ಒನೆಗಾಯ್ಶಿಮಾಸ್' ಅಂದ್ಬಿಡಿ, ಮೂರು ಸಾವಿರದ ಆಸುಪಾಸಲ್ಲಿ ನೀವೇ ಏನಾದ್ರೂ ಕೊಡಿ ಅಂತ. ನಾಚ್ಕೋಬೇಡಿ, ಅವರಿಗೂ ಸುಲಭ.

ಇನ್ನು ನಮ್ಮ ವೆಜ್ ಜನ. ನೇರವಾಗಿ ಹೇಳ್ತೀನಿ, ಸುಶಿ ಅಂಗಡಿಗೆ ವೆಜ್ ಹೋಗೋದು ಮಿಲಿಟರಿ ಹೋಟೆಲ್ಲಿಗೆ ಹೋಗಿ ಮೊಸರನ್ನ ಕೇಳ್ದಂಗೆ. ಆದ್ರೂ ಗುಂಪಲ್ಲಿ ಹೋಗ್ಬೇಕಾಗಿ ಬಂದ್ರೆ ಉಪವಾಸ ಕೂರ್ಬೇಕಾಗಿಲ್ಲ. ಕಪ್ಪಾ ಮಾಕಿ ಅಂದ್ರೆ ಸೌತೆಕಾಯಿ ರೋಲು (ಕಪ್ಪಾ ಅನ್ನೋ ನದಿ ಭೂತಕ್ಕೆ ಸೌತೆಕಾಯಿ ಅಂದ್ರೆ ಪ್ರಾಣ ಅಂತೆ, ಅದಕ್ಕೇ ಆ ಹೆಸರು), ಒಶಿಂಕೊ ಮಾಕಿ ಅಂದ್ರೆ ಮೂಲಂಗಿ ಉಪ್ಪಿನಕಾಯಿ ರೋಲು, ಉಮೆ ಶಿಸೊ ಮಾಕಿ ಅಂದ್ರೆ ಹುಳಿ ಪ್ಲಮ್ಮು ಮತ್ತೆ ಒಂದು ಘಮದ ಎಲೆ, ಇದು ನಮ್ಮ ನಾಲಿಗೆಗೆ ಸಕತ್ ಹಿಡ್ಸತ್ತೆ. ಆದ್ರೆ ಮಿಸೋ ಸೂಪು, ಸಿಹಿ ಮೊಟ್ಟೆ, ಸೋರೆಕಾಯಿ ಎಳೆಯ ಕಂಪ್ಯೋ ಮಾಕಿ, ಇನಾರಿ ಚೀಲದ ಸುಶಿ, ಇವೆಲ್ಲ ನೋಡಕ್ಕೆ ವೆಜ್ ಥರ ಇದ್ರೂ ಬೇಯ್ಸಿರೋ ನೀರಲ್ಲಿ ದಾಶಿ, ಅಂದ್ರೆ ಒಣಮೀನು ಕುದಿಸಿದ ತಿಳಿಸಾರು, ಇರೋದೇ ಜಾಸ್ತಿ. ಮಡಿ ಪಾಲ್ಸೋರು ಮೊದಲ ಮೂರಕ್ಕೇ ನಿಲ್ಲಿ, ಅದರಲ್ಲೂ ಮೀನಿನಂಶ ಏನಾದ್ರೂ ಸೇರಿದ್ಯಾ ಅಂತ ಕೇಳ್ಕೊಂಡೇ ತಿನ್ನಿ. ಬಿಡುವಿರೋ ಟೈಮಲ್ಲಿ ಕೇಳಿದ್ರೆ ತಾಯ್ಶೋ ಬೇಜಾರು ಮಾಡ್ಕೊಳ್ಳಲ್ಲ, ನಮ್ಮ ಮೂಲೆ ಅಂಗಡಿಯವರಂತೂ ನನ್ನ ಫ್ರೆಂಡಿಗೆ ಮೆನುಲಿ ಇಲ್ದೇ ಇರೋ ಅವಕಾಡೊ ರೋಲ್ ಸುತ್ತಿ ಕೊಟ್ರು.

ಇಬ್ರು ಹೋದಾಗ ಒಂದು ಜೋಪಾನ, ನಿಮ್ಮ ಚಾಪ್‌ಸ್ಟಿಕ್ಕಿಂದ ಅವರ ಚಾಪ್‌ಸ್ಟಿಕ್ಕಿಗೆ ತುತ್ತು ದಾಟಿಸ್ಬೇಡಿ, ಇಲ್ಲಿ ಸತ್ತೋರ ಮೂಳೆನ ಹಾಗೆ ಎತ್ತಿ ಕೊಡ್ತಾರೆ. ತಟ್ಟೆ ಸರ್ಸಿ ಸಾಕು. ಫೋಟೋ ಬೇಕಾದ್ರೆ ಕೇಳಿ ತೆಗೀರಿ, ಆದ್ರೆ ಬೇಗ, ಸುಶಿ ಇಟ್ಟ ತಕ್ಷಣ ತಿನ್ನೋ ಪದಾರ್ಥ. ತಿಂದಾದ್ಮೇಲೆ ಹರಟ್ತಾ ಕೂರೋದೂ ಬೇಡ, ಹೊರಗೆ ಜನ ಕಾಯ್ತಿರ್ತಾರೆ, ಅರ್ಧ ಗಂಟೆಲಿ ಎದ್ದು 'ಒಕಾಯ್ಕೆಯ್ ಒನೆಗಾಯ್ಶಿಮಾಸ್' ಅನ್ನಿ, ಬಿಲ್ ಕೊಡಿ ಅಂತ. ದುಡ್ಡು ಕೈಗೆ ಕೊಡ್ಬೇಡಿ, ಪುಟ್ಟ ಟ್ರೇ ಇರತ್ತೆ ಅದರಲ್ಲಿ ಇಡಿ. ಟಿಪ್ಸ್ ಇಲ್ಲ, ಬಿಟ್ಟು ಹೋದ್ರೆ ಮರ್ತೋದ್ರಿ ಅಂತ ಬೀದಿ ತನಕ ಓಡ್ಬಂದು ವಾಪಸ್ ಕೊಡ್ತಾರೆ. ಹೊರಡ್ವಾಗ ತಾಯ್ಶೋ ಕಡೆ ತಿರುಗಿ 'ಗೊಚಿಸೋಸಾಮಾ ದೆಶ್ತಾ' ಅಂದ್ರೆ ಊಟ ಹಾಕಿದ್ದಕ್ಕೆ ಥ್ಯಾಂಕ್ಸ್ ಅಂತ, ಇದೊಂದು ಮಾತು ಕಲ್ತರೆ ಎರಡನೇ ಸಲ ಹೋದಾಗ ಅವರೇ ಗುರುತು ಹಿಡೀತಾರೆ.

ಮನೆಗೆ ಕಟ್ಟಿಸ್ಕೊಂಡು ಬಂದ್ರೂ ಆಯ್ತು. ಕೂತು ತಿಂದ್ರೆ ತೆರಿಗೆ 10 ಪರ್ಸೆಂಟ್, ಕಟ್ಟಿಸ್ಕೊಂಡ್ರೆ 8, 2019ರ ಅಕ್ಟೋಬರ್‌ನಿಂದ ಹೀಗೆ. ಆದ್ರೆ ಅವತ್ತೇ, ಆದಷ್ಟು ಬೇಗ ತಿಂದು ಮುಗ್ಸಿ, ನಾಳೆ ಬೆಳಿಗ್ಗೆ ಅಂತ ಫ್ರಿಜ್ಜಲ್ಲಿಟ್ರೆ ಅನ್ನ ಕಲ್ಲಾಗತ್ತೆ, ಹೊರಗಿಟ್ರೆ ಮೀನು ಕೆಡತ್ತೆ. ಚಿತ್ರಾನ್ನ ಅಲ್ಲ ಅದು.