ಉಪವಾಸ ಬಿಡಲಿಲ್ಲ, ಉಪವಾಸದ ಖಿಚಡಿ ಬಿಟ್ಟೆ

ನಾವಿರುವುದು ಮುಂಬಯಿ ಹತ್ತಿರದ ಡೊಂಬಿವಿಲಿಯಲ್ಲಿ, ಊರು ಕುಂದಾಪುರದ ಕಡೆ. ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗಲಿಲ್ಲ ಅಂತ ಎಲ್ಲ ಟೆಸ್ಟೂ ಮೊದಲು ಹೆಂಡತಿಗೇ ಮಾಡಿಸಿದೆವು. ಅವಳದ್ದು ಎಲ್ಲ ಸರಿ ಇತ್ತು. ಆಮೇಲೆ ನನ್ನ ಸರದಿ ಬಂತು. ನನ್ನದೇ ಮೊದಲು ಮಾಡಿಸಬೇಕಿತ್ತು, ಅಲ್ವಾ? ಒಂದು ಡಬ್ಬಿ ತುಂಬಿಸಿ ಕೊಡುವ ಕೆಲಸ, ಸೂಜಿಯೂ ಇಲ್ಲ.

ರಿಪೋರ್ಟಿನಲ್ಲಿ ಒಂದು ಮಿಲಿಗೆ 90 ಲಕ್ಷ ವೀರ್ಯಾಣು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಹೇಳುವ ಕೆಳಗಿನ ಮಿತಿ 1.6 ಕೋಟಿ. ಡಾಕ್ಟರು ಮಾತ್ರೆ ಬರೆಯಲಿಲ್ಲ. ಒಂದೇ ರಿಪೋರ್ಟ್ ನಂಬಬೇಡಿ, ಇನ್ನೊಮ್ಮೆ ಮಾಡಿಸಿ ಅಂದರು. ಆಮೇಲೆ, ದಿನವಿಡೀ ಏನು ತಿನ್ನುತ್ತೀರಿ ಅಂತ ಕೇಳಿದರು.

ಹೇಳುವಾಗ ನನಗೇ ನಾಚಿಕೆಯಾಯಿತು. ಅಮ್ಮನ ಹರಕೆಗೆ ಶನಿವಾರ ಉಪವಾಸ, ತಿಂಗಳಿಗೊಂದು ಸಂಕಷ್ಟಿ. ಉಳಿದ ದಿನ ಆಫೀಸಿನ ಗೆಳೆಯ ಕಲಿಸಿದ ಹದಿನಾರು ಗಂಟೆಯ ಉಪವಾಸ. ಅದರಲ್ಲಿ ಶಿಸ್ತೇನೂ ಇರಲಿಲ್ಲ, ಲೋಕಲ್ ಹಿಡಿಯುವ ಗಡಿಬಿಡಿಯಲ್ಲಿ ತಿಂಡಿ ಬಿಡುವುದಕ್ಕೆ ಒಳ್ಳೆ ಹೆಸರು ಸಿಕ್ಕಿತ್ತು ಅಷ್ಟೇ. ಉಪವಾಸದ ದಿನ ತುಪ್ಪ ಸುರಿದ ಸಾಬುದಾಣಾ (ಸಬ್ಬಕ್ಕಿ) ಖಿಚಡಿ, ಬಟಾಟೆ ವೇಫರ್, ಆರು ಚಹಾ. ಸಾಬುದಾಣೆ ಅಂದರೆ ಬರೀ ಪಿಷ್ಟ, ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ. ಬಾಕಿ ದಿನ ರಾತ್ರಿ ಸ್ಟೇಷನ್ನಿಗೆ ಇಳಿಯುವ ಹೊತ್ತಿಗೆ ಹಸಿವಿನಿಂದ ಕಣ್ಣು ಕತ್ತಲೆ ಬಂದು ಎರಡು ವಡಾಪಾವ್, ಮನೆಗೆ ಬಂದು ಮತ್ತೆ ಪೂರ್ತಿ ಊಟ. ತೂಕ 92 ಕಿಲೋ.

ಉಪವಾಸವನ್ನೇ ದೂರಬೇಡಿ ಅಂದರು ಡಾಕ್ಟರು. ಬೊಜ್ಜು ಜಾಸ್ತಿಯಾದರೆ ಅದು ವೀರ್ಯಾಣು ತಯಾರಾಗಲು ಬೇಕಾದ ಟೆಸ್ಟೋಸ್ಟಿರೋನ್ ಎಂಬ ಗಂಡು ಹಾರ್ಮೋನನ್ನು ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಮಾಡಿಬಿಡುತ್ತದೆ. ಹಾಗಂತ ಕೆಲವೇ ದಿನದಲ್ಲಿ ತೂಕ ಇಳಿಸಲು ಹಸಿದು ಕೂತರೂ ಟೆಸ್ಟೋಸ್ಟಿರೋನ್ ಇಳಿಯುತ್ತದೆ. ಜಿಮ್ಮಿನವನು ಹೇಳಿದ ಟೆಸ್ಟೋಸ್ಟಿರೋನ್ ಇಂಜೆಕ್ಷನ್ ಬಗ್ಗೆ ಕೇಳಿದೆ. ಬೈದೇಬಿಟ್ಟರು. ಹೊರಗಿನಿಂದ ಹಾಕಿಸಿಕೊಂಡರೆ ಮೆದುಳು ಇನ್ನು ಸಾಕು ಅಂದುಕೊಳ್ಳುತ್ತದಂತೆ, ಒಳಗೆ ವೀರ್ಯಾಣು ತಯಾರಾಗುವುದೇ ನಿಂತುಹೋಗಬಹುದು.

ಶನಿವಾರ ಬಿಡಲಿಲ್ಲ, ಅಮ್ಮನಿಗೆ ಬೇಜಾರಾಗುತ್ತದೆ. ಊರಲ್ಲಿ ಅಪ್ಪ ಮಾಡುತ್ತಿದ್ದ ಹಾಗೆ ಒಪ್ಪತ್ತು ಮಾಡಿದೆ: ಮಧ್ಯಾಹ್ನ ಅನ್ನ, ಹುರುಳಿ ಸಾರು, ಮೊಸರು, ರಾತ್ರಿ ಹಣ್ಣು ಮತ್ತು ಒಂದು ಹಿಡಿ ಶೇಂಗಾ. ಬಾಕಿ ದಿನ ಬೆಳಿಗ್ಗೆ ಎರಡು ಮೊಟ್ಟೆ, ವಾರಕ್ಕೆ ಮೂರು ಸಲ ಬಂಗುಡೆ, ಅದೂ ಫ್ರೈ ಅಲ್ಲ, ಹುಳಿ-ಖಾರದ ಪುಳಿಮುಂಚಿ. ಬಿಯರ್, ಸಿಗರೇಟ್ ಎರಡೂ ಬಿಟ್ಟೆ. ಸಿಗರೇಟ್ ಬಿಡುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಝಿಂಕ್ ಮಾತ್ರೆ ತಂದುಕೊಂಡಿದ್ದೆ, ಅದನ್ನೂ ಬಿಡಿಸಿದರು: ಅಮೆರಿಕದಲ್ಲಿ ದೊಡ್ಡ ಪರೀಕ್ಷೆ ನಡೆದು 2020ರಲ್ಲಿ ವರದಿ ಬಂದಿದೆ, ಝಿಂಕ್, ಫೋಲಿಕ್ ಆಸಿಡ್ ಕೊಟ್ಟರೂ ಹೆಚ್ಚು ಮಗು ಹುಟ್ಟಲಿಲ್ಲ, ಸುಮ್ನೆ ದುಡ್ಡು ದಂಡ ಅಂದರು.

ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು. ಹಾಗಾಗಿ ಇವತ್ತು ತಿಂದದ್ದು ನಾಳೆ ರಿಪೋರ್ಟಿನಲ್ಲಿ ಕಾಣುವುದಿಲ್ಲ. ಎರಡನೇ ಟೆಸ್ಟಿನಲ್ಲಿ 1.1 ಕೋಟಿ. ಏಳು ತಿಂಗಳಾದ ಮೇಲೆ 2.4 ಕೋಟಿ, ತೂಕ 83. ಕೌಂಟ್ ತಾನಾಗಿಯೇ ಏರಿಳಿಯುತ್ತದೆ, ಹಾಗಾಗಿ ಎಲ್ಲ ಬಂಗುಡೆಯ ಪುಣ್ಯ ಅಂತ ನಾನು ಹೇಳಲಾರೆ. ಅಮ್ಮ ಮಾತ್ರ ಫೋನಿನಲ್ಲಿ ಶನಿದೇವರ ಲೆಕ್ಕಕ್ಕೇ ಬರೆದಿದ್ದಾಳೆ. ಮಗು ಇನ್ನೂ ಇಲ್ಲ. ಮುಂದಿನ ಟೆಸ್ಟ್ ಗಣಪತಿ ಹಬ್ಬ ಮುಗಿದ ಮೇಲೆ, ಅಲ್ಲಿಯವರೆಗೆ ಮೋದಕ ಎರಡೇ ಅಂತ ಹೆಂಡತಿ ಈಗಲೇ ಹೇಳಿಟ್ಟಿದ್ದಾಳೆ.