ಏನು ಬರುತ್ತೆ, ಏನು ಹೋಗುತ್ತೆ: ಪ್ಯಾಕೇಜ್ ಮ್ಯಾನೇಜರ್‌ಗೆ ನಾನು ಮಾಡಿದ ಕನ್ನಡದ ಪರದೆ

ಗಂಗಾವತಿಯ ಒಂದು ತರಬೇತಿ ಕೇಂದ್ರದಲ್ಲಿ ಹನ್ನೆರಡು ಹಳೆಯ ಕಂಪ್ಯೂಟರ್‌ಗಳಿವೆ. ಎಲ್ಲದರಲ್ಲೂ ಡೆಬಿಯನ್ ಅನ್ನುವ ಲಿನಕ್ಸ್ ಹಾಕಿಕೊಟ್ಟಿದ್ದೇನೆ. ಅದರಲ್ಲಿ ಸಾಫ್ಟ್‌ವೇರ್ ಪ್ಯಾಕೇಜ್‌ಗಳಾಗಿ ಬರುತ್ತದೆ. ಅವನ್ನು ಹಾಕುವುದು, ತೆಗೆಯುವುದು ಪ್ಯಾಕೇಜ್ ಮ್ಯಾನೇಜರ್‌ನ ಕೆಲಸ. ನಾನಿರುವುದು ಕೊಪ್ಪಳದಲ್ಲಿ. ಹೊಸ ಸಾಫ್ಟ್‌ವೇರ್ ಬೇಕಾದಾಗಲೆಲ್ಲ ಅಲ್ಲಿನ ಮೇಡಂ ಫೋನ್ ಮಾಡುತ್ತಿದ್ದರು. ಆಜ್ಞೆ ಟೈಪ್ ಮಾಡುವ ಟರ್ಮಿನಲ್‌ನಲ್ಲಿ ಏನು ಒತ್ತಬೇಕು ಅಂತ ನಾನು ಒಂದೊಂದೇ ಅಕ್ಷರ ಹೇಳುತ್ತಿದ್ದೆ.

ಟೈಪ್ ಮಾಡದೆ ಮೌಸ್‌ನಿಂದಲೇ ಪ್ಯಾಕೇಜ್ ಆರಿಸುವ ಸಿನಾಪ್ಟಿಕ್ ಇದೆಯಲ್ಲ ಅನ್ನಬಹುದು. ಇದೆ, ಒಳ್ಳೆಯದೇ. ಆದರೆ ತೆರೆದ ಕೂಡಲೇ ಸಾವಿರಾರು ಹೆಸರು ಮುಂದೆ ಬರುತ್ತವೆ. ‘ಲಿಬ್’ ಅಂತ ಶುರುವಾಗುವವೇ ಎಷ್ಟೋ. ಪಾಠ ಮಾಡುವವರಿಗೆ ಅದೆಲ್ಲ ಯಾಕೆ? ಅದಕ್ಕೇ ಪೈಥಾನ್ ಭಾಷೆ ಮತ್ತು ಕಿಟಕಿ, ಗುಂಡಿ ಮಾಡಲು ಬರುವ ಜಿಟಿಕೆ ಹಿಡಿದು ಒಂದು ಸಣ್ಣ ಪರದೆ ಕಟ್ಟಲು ಕೂತೆ. ಕೆಲಸವೆಲ್ಲ ಕೆಳಗಿರುವ ಆಪ್ಟ್‌ದು, ಅಂದರೆ ಡೆಬಿಯನ್‌ನ ಪ್ಯಾಕೇಜ್ ಮ್ಯಾನೇಜರ್‌ದು, ಮುಖ ಮಾತ್ರ ನನ್ನದು.

ಮೊದಲ ಪರದೆಯಲ್ಲಿ ದೊಡ್ಡ ತಪ್ಪು ಮಾಡಿದೆ. ನೋಡಲು ಚೊಕ್ಕಟವಾಗಿರಲಿ ಅಂತ ಜೊತೆಗೆ ಹೋಗುವ ಪ್ಯಾಕೇಜ್‌ಗಳ ಪಟ್ಟಿಯನ್ನು ‘ವಿವರ’ ಅನ್ನುವ ಗುಂಡಿಯ ಹಿಂದೆ ಮುಚ್ಚಿಟ್ಟಿದ್ದೆ. ಮುಂದೆ ಕಾಣುತ್ತಿದ್ದದ್ದು ‘ಮುಂದುವರಿಯಲೇ?’ ಒಂದೇ. ಒಂದು ದಿನ ಬೆಳಿಗ್ಗೆ ಫೋನ್ ಬಂತು: “ಸರ್, ಪೈಥಾನ್ ಪಾಠ ಮುಗೀತು, ಜಾಗ ಉಳೀಲಿ ಅಂತ ನಿನ್ನೆ ತೆಗೆದೆ ರೀ. ಇವತ್ತು ಹಚ್ಚಿದ್ರ ಏನೂ ಕಾಣವಲ್ದು.” ಡೆಬಿಯನ್‌ನಲ್ಲಿ ಪೈಥಾನ್ ಅಂದರೆ ಬರೀ ಪಾಠದ ಸಾಮಾನಲ್ಲ. ಡೆಸ್ಕ್‌ಟಾಪ್‌ನ ಎಷ್ಟೋ ಭಾಗ ಅದರ ಮೇಲೆ ನಿಂತಿದೆ. ಅದನ್ನು ತೆಗೆದರೆ ಅವೂ ಹೋಗುತ್ತವೆ. ನನ್ನ ಪ್ರೋಗ್ರಾಂ ಕೂಡ ಹೋಗಿತ್ತು.

ಬಸ್ಸು ಹತ್ತಿ ಹೋಗಿ ಸರಿ ಮಾಡಿದೆ. ಮೇಡಂ “ನನ್ನಿಂದ ತಪ್ಪಾತು” ಅಂದರು. ಅವರದೇನೂ ತಪ್ಪಿರಲಿಲ್ಲ. ಆಪ್ಟ್‌ಗೆ ಎಲ್ಲ ಗೊತ್ತಿತ್ತು, ನಾನೇ ಅದರ ಬಾಯಿ ಮುಚ್ಚಿದ್ದೆ.

ಹಾಗಂತ ಸುಮ್ನೆ ಎಚ್ಚರಿಕೆ ಬರೆದರೂ ಸಾಲದು. 2021ರಲ್ಲಿ ಪಾಪ್ ಓಎಸ್ ಅನ್ನುವ ಇನ್ನೊಂದು ಲಿನಕ್ಸ್‌ನಲ್ಲಿ, ಆಟಗಳಿಗೆ ಬೇಕಾದ ಸ್ಟೀಮ್ ಹಾಕಲು ಹೋದ ಒಬ್ಬ ಯೂಟ್ಯೂಬರ್‌ನ ಡೆಸ್ಕ್‌ಟಾಪೇ ಹೋಯಿತು. ಆಪ್ಟ್ ಎಚ್ಚರಿಸಿತ್ತು. ಒಪ್ಪಿಗೆಗೆ ಒಂದಿಡೀ ವಾಕ್ಯ ಟೈಪ್ ಮಾಡು ಅಂದಿತ್ತು. ಅವರು ಟೈಪ್ ಮಾಡಿದರು! ಉದ್ದನೆಯ ಪಟ್ಟಿಯ ಕೊನೆಗೆ ಬಂದ ಎಚ್ಚರಿಕೆಯನ್ನು ಯಾರು ನಿಂತು ಓದುತ್ತಾರೆ, ಅಲ್ವಾ?

ಆಪ್ಟ್‌ಗೆ ಮೊದಲು ಲೆಕ್ಕ ಹಾಕಿ ತೋರಿಸು, ಆಮೇಲೆ ಮಾಡು ಅಂತ ಹೇಳಬಹುದು. ಅದನ್ನೇ ಹಿಡಿದುಕೊಂಡೆ. ಈಗ ಪರದೆಯಲ್ಲಿ ಎರಡು ಸಾಲು ಎದುರುಬದುರು: ‘ಬರುವುದು’, ‘ಹೋಗುವುದು’. ಗುಂಡಿಯ ಮೇಲೆ ‘ಸರಿ’ ಅಂತಿಲ್ಲ, ‘3 ಹಾಕು, 1 ತೆಗೆ’ ಅಂತಿದೆ. ಡೆಸ್ಕ್‌ಟಾಪ್‌ಗೆ ಬೇಕೇಬೇಕಾದದ್ದು ಹೋಗುವ ಸಾಲಿನಲ್ಲಿ ಬಂದರೆ ಗುಂಡಿಯೇ ಕಾಣುವುದಿಲ್ಲ. ಎಷ್ಟು ಎಂಬಿ ಡೌನ್‌ಲೋಡ್ ಆಗುತ್ತೆ, ಡಿಸ್ಕ್‌ನಲ್ಲಿ ಎಷ್ಟು ಜಾಗ ಹಿಡಿಯುತ್ತೆ ಅನ್ನುವುದನ್ನು ಬೇರೆ ಬೇರೆ ಬರೆದೆ. ಅಲ್ಲಿ ಇಂಟರ್‌ನೆಟ್ ಬರುವುದು ಮೇಡಂ ಫೋನಿನ ಹಾಟ್‌ಸ್ಪಾಟ್‌ನಿಂದ.

ಪರದೆಯ ಮೇಲಿನ ಮಾತಿಗೆ ಜಾಸ್ತಿ ದಿನ ಹಿಡಿಯಿತು. ‘ಸ್ಥಾಪಿಸು’ ಅಂತ ಬರೆದಿದ್ದೆ. ಯಾರೂ ಹಾಗನ್ನುವುದಿಲ್ಲ, ಸಾಫ್ಟ್‌ವೇರ್ ‘ಹಾಕುತ್ತಾರೆ’. ಮೇಲಾಗಿ ಗುಂಡಿ ಗಿಡ್ಡವಾಗಿ ಒತ್ತಕ್ಷರದ ಕೆಳಭಾಗ ಕತ್ತರಿಸಿ ಹೋಗುತ್ತಿತ್ತು. ಇಂಗ್ಲಿಷಿಗೆ ಅಳತೆ ಮಾಡಿದ ಗುಂಡಿಯಲ್ಲಿ ಕನ್ನಡ ಕೂರುವುದಿಲ್ಲ, ಎತ್ತರ ಬೇಕು. ‘ಅವಲಂಬನೆ’ ಹೋಗಿ ‘ಜೊತೆಗೆ ಬೇಕಾದವು’ ಆಯಿತು. ಡೆಬಿಯನ್‌ನಲ್ಲಿ ರಿಮೂವ್ ಬೇರೆ, ಪರ್ಜ್ ಬೇರೆ. ಎರಡನೆಯದು ಪ್ಯಾಕೇಜ್‌ನ ಸೆಟ್ಟಿಂಗ್ ಫೈಲುಗಳನ್ನೂ ಅಳಿಸುತ್ತದೆ. ಅದಕ್ಕೆ ‘ತೆಗೆ’ ಮತ್ತು ‘ಸೆಟ್ಟಿಂಗ್ ಸಮೇತ ತೆಗೆ’ ಅಂತಿಟ್ಟೆ.

ಇನ್ನು ಕರೆಂಟು. ಪ್ಯಾಕೇಜ್ ಮೊದಲು ಬಿಚ್ಚಿಕೊಳ್ಳಬೇಕು, ಆಮೇಲೆ ಹೊಂದಿಕೊಳ್ಳಬೇಕು. ನಡುವೆ ಕರೆಂಟು ಹೋದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಮತ್ತೆ ಹಚ್ಚಿದಾಗ ನನ್ನ ಪರದೆ ಕೇಳುತ್ತದೆ: ‘ಅರ್ಧಕ್ಕೆ ನಿಂತ ಕೆಲಸ ಮುಗಿಸಲೇ?’ ಹೂಂ ಅಂದರೆ ಹಿಂದಿನಿಂದ, ಆಪ್ಟ್‌ನ ಕೆಳಗೆ ಕೆಲಸ ಮಾಡುವ ಡಿಪಿಕೆಜಿ ಉಳಿದದ್ದನ್ನು ಹೊಂದಿಸುತ್ತದೆ.

ಹೋದ ಸಲ ಹೋದಾಗ ಮೇಡಂ ಒಂದು ನೋಟ್‌ಬುಕ್ ತೋರಿಸಿದರು. ಒತ್ತುವ ಮೊದಲು ಎರಡೂ ಸಾಲುಗಳನ್ನು ಅದರಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಅದನ್ನು ನೋಡಿ ಅಲ್ಲೇ ಕೂತು ಪಟ್ಟಿಯ ಕೆಳಗೆ ‘ಪ್ರಿಂಟ್ ತೆಗೆ’ ಅನ್ನುವ ಗುಂಡಿ ಸೇರಿಸಿ ಬಂದೆ.